ಹಳ್ಳಕ್ಕ ಬರ್ರಿ

ಚಟ್ಟ ಹೊತ್ತ ನಾಲ್ವರು ಹೌಸಿಂಗ್ ಸೊಸೈಟಿಯ ಗೇಟು ದಾಟಿದವರೇ ಎಡಕ್ಕೆ ಹೊರಳಬೇಕೋ ಬಲಕ್ಕೋ ತಿಳಿಯದೆ ನಿಂತುಬಿಟ್ಟರು. ಮುಂದಿನ ಇಬ್ಬರು ಎಡಕ್ಕೆ ಎಳೆದರು, ಹಿಂದಿನ ಇಬ್ಬರು ಬಲಕ್ಕೆ. ನಡುವೆ ಹಸಿರು ಸೀರೆ ಉಟ್ಟು, ಹಣೆತುಂಬ ಕುಂಕುಮ ಹಚ್ಚಿಸಿಕೊಂಡು ಮಲಗಿದ್ದ ಗೋದಾಬಾಯಿ, ಬದುಕಿದ್ದಾಗ ಸಿಟಿ ಬಸ್ಸಿನಲ್ಲಿ ಹೇಗೋ ಹಾಗೆಯೇ, ಒಮ್ಮೆ ಅತ್ತ ಒಮ್ಮೆ ಇತ್ತ ವಾಲಿದರು.

"ಎಡಕ್ಕ, ಎಡಕ್ಕ," ಎಂದ ಮಧ್ವೇಶ. ಗೋದಾಬಾಯಿಯ ಮೈದುನನ ಮಗ. ಕೋಥರೂಡದಲ್ಲಿ ಮನೆ, ಬ್ಯಾಂಕಿನಲ್ಲಿ ನೌಕರಿ. ಪುಣೆಯಲ್ಲಿದ್ದ ಬಳಗದಲ್ಲಿ ಇಂಥ ದಿನದ ಮಂತ್ರ ಬಾಯಿಗೆ ಬರುತ್ತಿದ್ದವನು ಅವನೊಬ್ಬನೇ. "ರಸ್ತಾದ ಮ್ಯಾಲ ಗಾಡಿ ನಿಂತದ. ದೊಡ್ಡ ಸ್ಮಶಾನಕ್ಕ ಹೇಳಿ ಇಟ್ಟೀನಿ. ಅಲ್ಲೆ ಎಲ್ಲಾ ವ್ಯವಸ್ಥಾ ಅದ. ಸ್ನಾನಕ್ಕ ಬಿಸಿನೀರು ಸೈತ ಅದ."

"ಗಾಡಿ ಕಶಾಲಾ?" ಎಂದ ಹಿಂದಿನ ತುದಿಗೆ ಹೆಗಲು ಕೊಟ್ಟಿದ್ದ ಸಂಜು. ಟೇಕಡಿಯ, ಎಂದರೆ ಹಿಂದಿನ ಗುಡ್ಡದ, ಕೆಳಗಿನ ಹಳ್ಳಿಯವನು, ಐವತ್ತು ದಾಟಿದ ಗಟ್ಟಿ ಆಳು, ಎಮ್ಮೆ ಕಟ್ಟಿ ಹಾಲು ಮಾರುವವನು. ಗೋದಾಬಾಯಿಯ ಜೊತೆ ಇಷ್ಟು ವರ್ಷ ಕೆಸರು ಎತ್ತಿ ಅವನ ಮರಾಠಿಗೆ ಅರ್ಧ ಧಾರವಾಡ ಮೆತ್ತಿಕೊಂಡಿತ್ತು. "ಗಾಡಿ ಬ್ಯಾಡ. ಕಾಕೂಗೆ ನಮ್ಮ ಊರಿನ ಸ್ಮಶಾನ ಐತೆ. ಹಳ್ಳಾಚ್ಯಾ ಬಾಜೂಲಾ. ಕಟಗಿ ಸಗಳಾ ತಯಾರ ಐತೆ."

ಇಬ್ಬರೂ ಕೃಷ್ಣಾಜಿಯ ಕಡೆ ನೋಡಿದರು. ಕೃಷ್ಣಾಜಿ ಎಲ್ಲರಿಗಿಂತ ಮುಂದೆ, ಬೆಂಕಿಯ ಮಡಕೆಯನ್ನು ಹಗ್ಗದಲ್ಲಿ ತೂಗಿ ಹಿಡಿದು ನಿಂತಿದ್ದರು. ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು. ಈ ಸೊಸೈಟಿಗೆ ಬಂದ ಲಾಗಾಯ್ತು ಅವರು ಗೇಟಿನಿಂದ ಎಡಕ್ಕೇ ಹೊರಳಿದವರು. ಕಾಯಿಪಲ್ಯೆ, ಪೇಪರು, ಮಠ, ಡಾಕ್ಟರು, ಎಲ್ಲವೂ ಎಡಕ್ಕೇ ಇದ್ದವು. ಬಲಕ್ಕೆ ಇದ್ದದ್ದು ಒಂದು ಮಣ್ಣಿನ ದಾರಿ, ಅದರ ಪಕ್ಕಕ್ಕೆ ಹಳ್ಳ.

"ಬಲಕ್ಕ," ಎಂದರು ಕೃಷ್ಣಾಜಿ.

ಮಗಳು ಮಂಜರಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದವಳು ಕೈ ಅಲ್ಲೇ ನಿಲ್ಲಿಸಿ ಅಪ್ಪನನ್ನು ನೋಡಿದಳು.

ಹಿಂದೆ ದೊಡ್ಡ ಮಂದಿಯೇ ಇತ್ತು. ಭಾನುವಾರವಾದ್ದರಿಂದ ಅವರೆಲ್ಲ ಎಂದಿನಂತೆ ಬೆಳಿಗ್ಗೆ ಹಳ್ಳದ ಕೆಲಸಕ್ಕೆಂದು ಹೊರಟವರು. ದಾರಿಯಲ್ಲಿ ಸುದ್ದಿ ಕೇಳಿ, ಕೈಯಲ್ಲಿದ್ದ ಕುಡುಗೋಲನ್ನು ಎಲ್ಲಿ ಇಡಬೇಕೆಂದು ಹೊಳೆಯದೆ ಹಾಗೆಯೇ ಬಂದುಬಿಟ್ಟಿದ್ದರು. ಮೊಣಕಾಲಿನ ತನಕ ರಬ್ಬರ್ ಬೂಟು, ತಲೆಗೆ ಟೊಪ್ಪಿಗೆ, ಹೆಗಲ ಮೇಲೆ ಗುದ್ದಲಿ.

"ದೂರದಿಂದ ನೋಡಿದವರು ಇದನ್ನು ಶವಯಾತ್ರೆ ಅಂತ ಹೇಳ್ಲಿಕ್ಕಿಲ್ಲ ಮಾರಾಯ್ರೆ," ಎಂದರು ಹೋಟೆಲಿನ ಹರಿಶ್ಚಂದ್ರ ಮೆಲ್ಲಗೆ. "ಎಲ್ಲಿಯೋ ಹೊಡೆದಾಟಕ್ಕೆ ಹೊರಟವರು ಅಂತಲೇ ಹೇಳುವುದು."

"ಹಲ್ಲಾ ಮಂಡಳಿ!" ಎಂದ ಸಂಜು. ಅವನ ಹೆಗಲು ನಗುವಿಗೆ ಕುಲುಕಿತು, ಅದರ ಜೊತೆಗೆ ಚಟ್ಟವೂ. ಕೂಡಲೇ ನಾಲಿಗೆ ಕಚ್ಚಿಕೊಂಡ.

"ನಗ್ರಿ, ನಗ್ರಿ," ಎಂದಳು ಮಂಜರಿ. "ಅವ್ವ ಇದ್ದಿದ್ರ ಮೊದಲು ನಗಾಕಿ ಆಕೀನ."

*

ದೌಂಡದಲ್ಲಿ ರೈಲ್ವೆಯ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾದ ಮೇಲೆ, ಮಗಳ ಮನೆಗೆ ಹತ್ತಿರ ಇರಲೆಂದು ಕೃಷ್ಣಾಜಿ ಪುಣೆಯ ಈ ಅಂಚಿಗೆ ಬಂದಿದ್ದರು. ಫ್ಲ್ಯಾಟು ತೋರಿಸಿದ ದಲ್ಲಾಳಿ ಪಡಸಾಲೆ ತೋರಿಸಿದ, ಅಡಿಗೆಮನೆ ತೋರಿಸಿದ, ಬಾಲ್ಕನಿಯ ಬಾಗಿಲು ಮಾತ್ರ ತೆಗೆಯಲಿಲ್ಲ. ಗೋದಾಬಾಯಿ ತಾವೇ ತೆಗೆದರು. ಕೆಳಗೆ ಕರಿನೀರು, ಬಿಳಿನೊರೆ, ಪ್ಲಾಸ್ಟಿಕ್ಕು.

"ನಾಲಾ ಆಹೆ," ಎಂದ ದಲ್ಲಾಳಿ, ತಪ್ಪು ತನ್ನದೇ ಎನ್ನುವವನ ಹಾಗೆ.

"ಹಳ್ಳ," ಎಂದರು ಗೋದಾಬಾಯಿ.

ನವಲಗುಂದದ ಕಡೆಯ ಎರೆಮಣ್ಣಿನ ಹಳ್ಳಿಯಲ್ಲಿ ಹುಟ್ಟಿದವರು. ಬೇಸಿಗೆಯಲ್ಲಿ ಹಳ್ಳದ ಉಸುಕು ತೋಡಿ, ಒರತೆ ಜಿನುಗುವ ತನಕ ಕೊಡ ಹಿಡಿದು ಕೂತು ಬೆಳೆದವರು. ದೌಂಡದಲ್ಲಿ ಕಲಿತ ಮರಾಠಿಯಲ್ಲಿ ಜಗಳವಾಡಬಲ್ಲವರಾಗಿದ್ದರು, ಕಾಯಿಪಲ್ಯೆ ಚೌಕಾಸಿ ಮಾಡಬಲ್ಲವರಾಗಿದ್ದರು. ಆದರೆ ಹರಿಯುವ ಸಣ್ಣ ನೀರಿಗೆ ಬೇರೆ ಹೆಸರು ಅವರ ನಾಲಿಗೆಯ ಮೇಲೆ ಬರುತ್ತಿರಲಿಲ್ಲ.

ಆ ವರ್ಷ ಯಾವನೋ ಗುತ್ತಿಗೆದಾರ ಒಡೆದ ಮನೆಗಳ ಕಲ್ಲುಮಣ್ಣನ್ನು ಟಿಪ್ಪರಿನಲ್ಲಿ ತಂದು ಹಳ್ಳಕ್ಕೆ ಸುರಿಯತೊಡಗಿದ್ದ. ಗೋದಾಬಾಯಿಯ ತಲೆಯಲ್ಲಿ ಇದ್ದದ್ದು ಇಷ್ಟೇ, ಭಾನುವಾರ ನಾಲ್ಕು ಜನ ಸೇರಿ ಪ್ಲಾಸ್ಟಿಕ್ಕಾದರೂ ಆರಿಸೋಣ. ಹಾಲು ಹಾಕಲು ಬಂದ ಸಂಜುನಿಗೆ ಹೇಳಿದರು: "ಉದ್ಯಾ ಸಕಾಳೀ ಸಗಳೇ ಹಳ್ಳಾಲಾ ಯಾ." ನಾಳೆ ಬೆಳಿಗ್ಗೆ ಎಲ್ಲರೂ ಹಳ್ಳಕ್ಕೆ ಬರ್ರಿ.

ಮರಾಠಿ ಕಿವಿಗೆ ಅದು ಬೇರೆಯೇ ಕೇಳಿಸಿತು. ಹಲ್ಲಾ ಎಂದರೆ ಅವರಲ್ಲಿ ದಾಳಿ. ನಾಳೆ ಬೆಳಿಗ್ಗೆ ಎಲ್ಲರೂ ದಾಳಿಗೆ ಬನ್ನಿ ಎಂದು ನಾಲ್ಕನೆಯ ಮಜಲಿನ ಮುದುಕಿ ಕರೆ ಕೊಟ್ಟಿದ್ದಳು! ಕಲ್ಲುಮಣ್ಣು ಸುರಿದು ಸಂಜುನ ಎಮ್ಮೆಗಳಿಗೆ ಬೀಳಲು ಮಡುವೇ ಇಲ್ಲದಂತಾಗಿತ್ತು. ಅವನು ಯಾರಾದರೂ ಕರೆಯಲಿ ಎಂದೇ ಕಾಯುತ್ತಿದ್ದ.

ಬೆಳಿಗ್ಗೆ ಗೋದಾಬಾಯಿ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಒಂದು ಗೋಣಿಚೀಲ ಹಿಡಿದು ಇಳಿದರೆ, ಹಳ್ಳದ ದಂಡೆಯ ಮೇಲೆ ಹಳ್ಳಿಯ ಗಂಡಾಳುಗಳು ಬಡಿಗೆ, ಕುಡುಗೋಲು ಹಿಡಿದು ಸಾಲಾಗಿ ನಿಂತಿದ್ದರು. ಇದೇನಿದು ಎಂದು ಕೇಳುವಷ್ಟರಲ್ಲಿ ಟಿಪ್ಪರುಗಳು ಹಿಮ್ಮುಖವಾಗಿ ಬಂದವು. ಗೋದಾಬಾಯಿ ಮುಂದೆ ಹೋಗಿ, ಇಲ್ಲಿ ಹಾಕಬೇಡಿ ಎನ್ನಲು ಕೈ ಎತ್ತಿದರು. ಅವರು ಕೈ ಎತ್ತಿದ್ದು ನೋಡಿ ಹಿಂದಿನ ಎಲ್ಲ ಬಡಿಗೆಗಳೂ ಮೇಲೆದ್ದವು. ಡ್ರೈವರು ಕನ್ನಡಿಯಲ್ಲಿ ಅದನ್ನು ಕಂಡವನೇ, ಸುರಿಯಲು ಬಂದದ್ದನ್ನು ಸುರಿಯದೆ ಗೇರು ಬದಲಿಸಿದ. ಮತ್ತೆ ಆ ಕಡೆ ಟಿಪ್ಪರು ಬರಲಿಲ್ಲ.

ಆಮೇಲೆ, ಹಳ್ಳ ಎಂದರೆ ಏನೆಂದು ಗೋದಾಬಾಯಿ ತಿಳಿಸಿ ಹೇಳಿದಾಗ, ಸಂಜು ದಂಡೆಯ ಮೇಲೆ ಕೂತು ನಕ್ಕನಂತೆ, ಎದ್ದು ಮತ್ತೆ ನಕ್ಕನಂತೆ. "ಓಢಾ! ಕಾಕೂ, ಓಢಾ ಮ್ಹಣಾ ಕೀ!" ಹಳ್ಳಕ್ಕೆ ಅವರಲ್ಲಿ ಓಢಾ ಎನ್ನುತ್ತಾರೆ. ಕುಡುಗೋಲು ಹೇಗೂ ಕೈಯಲ್ಲಿದ್ದವು. ಮಧ್ಯಾಹ್ನದ ತನಕ ಎಲ್ಲರೂ ಹಳ್ಳ ಮುಚ್ಚಿದ್ದ ಅಂತರಗಂಗೆಯನ್ನು ಕೊಯ್ದು ಎಳೆದರು. ಮಂಡಳಿಗೆ ಹೆಸರಿಡುವ ಕೆಲಸವೂ ಅಂದೇ ಮುಗಿಯಿತು.

ಕೃಷ್ಣಾಜಿ ಇದನ್ನೆಲ್ಲ ಬಾಲ್ಕನಿಯಿಂದ ನೋಡಿದರು. ಹೆಂಡತಿ ಮೇಲೆ ಬಂದಾಗ ಮೂಗು ಮುಚ್ಚಿಕೊಂಡರು.

"ಮೊದಲು ಬಚ್ಚಲಕ್ಕ ನಡಿ. ಗಟಾರ ನಾರಾಕತ್ತದ."

"ಗಟಾರ ಅನಬ್ಯಾಡ್ರಿ. ಹಳ್ಳ ಅದು. ಯಾರೋ ಗಟಾರ ಮಾಡ್ಯಾರ, ಅಷ್ಟ. ಒಂದಿನ ಅದರಾಗ ಮೀನ ಬರ್ತಾವ. ನಿಮಗ ಅದರಾಗ ಕಾರ್ತಿಕ ಸ್ನಾನ ಮಾಡಸ್ತೀನಿ, ನೋಡ್ರಿ ಬೇಕಾದ್ರ."

"ನನಗ? ಅದರಾಗ?" ಮಡಿಯ ಮನುಷ್ಯ ಕೃಷ್ಣಾಜಿ ಹೌಹಾರಿದರು. "ನಮ್ಮಿಬ್ಬರೊಳಗ ಒಬ್ಬರು ಸತ್ತ ದಿನಾನ ನನ್ನ ಸ್ನಾನ ಅದರಾಗ!"

ಗೋದಾಬಾಯಿ ಕೈಯ ಕೆಸರು ನೋಡಿಕೊಳ್ಳುತ್ತ ಸ್ವಲ್ಪ ಹೊತ್ತು ವಿಚಾರ ಮಾಡಿದರು.

"ನೀವು ಹೋದ್ರ ನಿಮಗ ಮನಿಯಾಗನ ಮೀಸಿಬಿಡ್ತಾರ. ಅಂದ್ರ ನಾನ ಮೊದಲು ಹೋಗಬೇಕಾತು," ಎಂದರು. "ಆತು ಬಿಡ್ರಿ. ಅಷ್ಟರಾಗ ನೀರು ತಿಳಿ ಮಾಡಿ ಇಡ್ತೀನಿ."

*

ಮಣ್ಣಿನ ದಾರಿ ತಂಪಾಗಿತ್ತು. ಕೃಷ್ಣಾಜಿ ಬಾಲ್ಕನಿಯಿಂದ ಕಂಡದ್ದು ಬರೇ ಹಸಿರಿನ ನೆತ್ತಿ. ಅದರ ಕೆಳಗೆ ಏನಿದೆ ಎಂದು ಇವತ್ತೇ ಕಂಡರು. ಅತ್ತಿಯ ಗಿಡಗಳು ಬುಡಕ್ಕೆಲ್ಲ ಕಾಯಿ ಕಚ್ಚಿಕೊಂಡು ನಿಂತಿದ್ದವು. ಅವುಗಳ ನಡುವೆ ಹುಲಗಲ ಎನ್ನುವ ಹೊಂಗೆ, ಕಾರಿ, ಬಾರಿ. ದಂಡೆ ಕುಸಿಯದಂತೆ ಲಾವಂಚ, ನೀರಿನ ಅಂಚಿಗೆ ಜೊಂಡು. ನೀರು ಕಾಣುವ ಮುಂಚೆ ಅದರ ಸದ್ದು ಕೇಳಿಸಿತು, ಪಕ್ಕದ ಮನೆಯಲ್ಲಿ ಹೆಂಗಸರು ತಗ್ಗಿದ ದನಿಯಲ್ಲಿ ಮಾತಾಡುವಂತೆ.

ಸ್ಮಶಾನವೆಂದರೆ ಒಂದು ತಗಡಿನ ಚಪ್ಪರ, ಒಂದು ಕಟ್ಟೆ. ಕಟ್ಟಿಗೆ ಆಗಲೇ ಒಟ್ಟಿತ್ತು. ಮಧ್ವೇಶ ಒಂದು ತುಂಡನ್ನು ಎತ್ತಿ ನೋಡಿದ.

"ಇದು ಯಾವ ಕಟಗೀರಿ?"

"ಗಿರಿಪುಷ್ಪ," ಎಂದ ಸಂಜು ಹೆಮ್ಮೆಯಿಂದ.

ಮಂಜರಿ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ಪರದೇಶದಿಂದ ಬಂದ ಆ ಗಿಡವನ್ನು ಹಿಂದೆ ಯಾರೋ ಟೇಕಡಿ ಬೇಗ ಹಸಿರಾಗಲೆಂದು ನೆಟ್ಟು ಹೋಗಿದ್ದರು. ಅದು ಊರನ್ನೇ ತುಂಬಿತು. ಅದರ ಕೆಳಗೆ ಹುಲ್ಲು ಬೆಳೆಯದು, ಹಕ್ಕಿ ಗೂಡು ಕಟ್ಟದು ಎಂಬುದು ಗೋದಾಬಾಯಿಯ ದೂರು. ಅರಣ್ಯ ಇಲಾಖೆಯಿಂದ ಪರವಾನಿಗೆ ತೆಗೆದು, ಪ್ರತಿ ಬೇಸಿಗೆಗೆ ಅದನ್ನು ಒಂದಿಷ್ಟು ಕಡಿಸಿ, ಆ ಜಾಗದಲ್ಲಿ ಈ ಮಣ್ಣಿನ ಗಿಡಗಳನ್ನು ಊರಿಸಿದ್ದರು. ನೀರು ಓಡಿಹೋಗದಂತೆ ಗುಡ್ಡಕ್ಕೆ ಅಡ್ಡ ಸಣ್ಣ ಕಾಲುವೆ ತೋಡಿಸಿದ್ದರು. ಮೇಲೆ ಹುಲ್ಲು ನಿಂತ ಮೇಲೆ ಕೆಳಗೆ ಒರತೆ ಬಿಟ್ಟಿತ್ತು.

"ಸತ್ತ ಮ್ಯಾಲೂ ಅದನ್ನ ಬಿಡಲಿಲ್ಲ ನೋಡ್ರಿ ಅವ್ವ," ಎಂದಳು ಮಂಜರಿ. "ಅದನ್ನ ಇನ್ನಷ್ಟು ಸುಟ್ಟ ಹೋದ್ಲು."

ಕಡೆಯ ಸಲ ಉಡಿ ತುಂಬುವಾಗ ಹಳ್ಳಿಯ ಹೆಂಗಸೊಬ್ಬಳು ಅಕ್ಕಿ ಕೊಬ್ಬರಿಯ ಜೊತೆಗೆ ಹಿಡಿ ಹುಲಗಲದ ಬೀಜವನ್ನೂ ಇಡಲು ಹೋದಳು. ಮಂಜರಿ ಅವಳ ಕೈ ಹಿಡಿದಳು. "ಬ್ಯಾಡ ತಾಯಿ. ಬೀಜ ಸುಟ್ಟು ಹೋದ್ರ ಎದ್ದು ಕೂತು ಬೈತಾಳ." ಬೀಜ ಮಂಜರಿಯ ಉಡಿಗೆ ಬಿತ್ತು.

ಕೃಷ್ಣಾಜಿ ಬೆಂಕಿ ಇಟ್ಟರು. ಒಣಗಿದ ಕಟ್ಟಿಗೆ ಚಟಪಟ ಎಂದು ಹಿಡಿಯಿತು. ಎಲ್ಲರೂ ಚಪ್ಪರದ ಆಚೆ ನೆರಳಿಗೆ ಸರಿದರು. ಹರಿಶ್ಚಂದ್ರ ಬಂದು ಪಕ್ಕದಲ್ಲಿ ಕೂತರು.

"ರಾಯರೇ, ನಿಮ್ಮ ಮನೆಯವರು ನನ್ನ ಹೋಟೆಲಿಗೆ ಮೊದಲು ಬಂದ ಕತೆ ಗೊತ್ತುಂಟಾ?"

ಕೃಷ್ಣಾಜಿ ಇಲ್ಲವೆಂದು ತಲೆಯಾಡಿಸಿದರು. ಕೇಳಿರಲಿಲ್ಲ, ಕೇಳುವವರೂ ಆಗಿರಲಿಲ್ಲ.

"ಬಂದು ಕೂತ್ರು. ಎರಡು ಇಡ್ಲಿ ಹೇಳಿದ್ರು. ಹುಡುಗ ಸಾಂಬಾರ್ ಹಾಕ್ಲಿಕ್ಕೆ ಹೋದ್ರೆ, ಬೇಡ, ಸಾಂಬಾರ್ ನಾನೇ ತಂದಿದ್ದೇನೆ ಅಂದ್ರಂತೆ. ಚೀಲದಿಂದ ಒಂದು ಲೋಟ ತೆಗೆದು ಟೇಬಲ್ ಮೇಲೆ ಇಟ್ರು. ನಾನು ಗಲ್ಲಾದಿಂದ ಎದ್ದು ಬಂದು ನೋಡ್ತೇನೆ, ಕಪ್ಪು ನೀರು, ಮೇಲೆ ಎಣ್ಣೆ, ಒಂದು ಕರಿಬೇವಿನ ಎಲೆ ತೇಲ್ತಾ ಉಂಟು! 'ನಿಮ್ಮದಾ ಅಲ್ಲೋ ನೋಡ್ರಿ, ನಿಮ್ಮ ಪೈಪಿನಿಂದ ಹಳ್ಳಕ್ಕ ಬಂದದ, ಬಿಸಿ ಮಾಡಿ ಕೊಡ್ತೀರೇನು' ಅಂತ ಕೇಳಿದ್ರು. ಅಷ್ಟೂ ಗಿರಾಕಿಗಳ ಎದುರು!"

ಸಂಜು ತೊಡೆ ಬಡಿದುಕೊಂಡ.

"ಎಂತ ಹೇಳುವುದು? ಆ ವಾರವೇ ಹಿಂದುಗಡೆ ಗುಂಡಿ ಕಟ್ಟಿಸಿದೆ, ಎಣ್ಣೆ ನೀರು ಬೇರೆ ಮಾಡ್ಲಿಕ್ಕೆ. ಆಮೇಲೆ ನನ್ನನ್ನೂ ಎಳೆದುಕೊಂಡು ಕಾರ್ಪೊರೇಶನ್ನಿಗೆ ಹೋದ್ರು, ಸೊಸೈಟಿಗಳ ಗಟಾರಕ್ಕೆ ಬೇರೆ ಪೈಪು ಬೇಕು ಅಂತ. ಎಷ್ಟು ಸಲ ಹೋದೆವೋ. ಕಡೆಗೆ ಅಲ್ಲಿಯ ಸಾಹೇಬರು ನಮ್ಮನ್ನು ಕಂಡ ಕೂಡಲೇ ಚಹಾ ಹೇಳ್ತಿದ್ದರು. ಅಂದಿನಿಂದ ಭಾನುವಾರದ ಇಡ್ಲಿ ನಂದೇ." ಅವರು ಬೆಂಕಿಯ ಕಡೆ ನೋಡಿ ದನಿ ಇಳಿಸಿದರು. "ಇವತ್ತೂ ಮಾಡಿಸಿದ್ದೆ ಮಾರಾಯ್ರೆ. ಸುದ್ದಿ ಬರುವ ಮೊದಲೇ ಇಟ್ಟಾಗಿತ್ತು."

*

ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಕೃಷ್ಣಾಜಿಯದಲ್ಲ. "ಏ ಮಂಜೀ" ಎಂದು ಮಗಳ ಹೆಸರು ಕೂಗಿದರೆ ತಾಯಿ ಓ ಎನ್ನಬೇಕು, ಮಗಳು ಮದುವೆಯಾಗಿ ಹೋದ ಮೇಲೂ ಹಾಗೆಯೇ. ಆದರೆ ದಿನಕ್ಕೊಮ್ಮೆ, ಬಚ್ಚಲಲ್ಲಿ ಬಕೆಟ್ಟಿನ ನೀರಿಗೆ ಕೈಹಚ್ಚಿ ಏಳು ನದಿಗಳನ್ನು ಕರೆಯುವ ಶ್ಲೋಕ ಹೇಳುವಾಗ, ಗಂಗೆ ಯಮುನೆಯರು ಮುಗಿದು ಮೂರನೆಯ ಹೆಸರು ಬರುತ್ತಿತ್ತು. ಗೋದಾವರಿ. ಅಡಿಗೆಮನೆಯಲ್ಲಿ ಕಾಯಿಪಲ್ಯೆ ಹೆಚ್ಚುತ್ತಿದ್ದ ಗೋದಾಬಾಯಿ "ಓ, ಬಂದೆ," ಎನ್ನುತ್ತಿದ್ದರು. ನಲವತ್ತು ವರ್ಷ ದಾಟಿದ ಆ ಚೇಷ್ಟೆಗೆ ಕೃಷ್ಣಾಜಿ ಒಮ್ಮೆಯೂ ನಗಲಿಲ್ಲ. ಒಮ್ಮೆಯೂ ಶ್ಲೋಕ ಬಿಡಲಿಲ್ಲ.

ಪ್ರತಿ ಕಾರ್ತಿಕದಲ್ಲಿ ಗೋದಾಬಾಯಿ ಕೇಳುತ್ತಿದ್ದರು: "ಹಳ್ಳಕ್ಕ ಬರ್ರಿ." ಪ್ರತಿ ಕಾರ್ತಿಕದಲ್ಲಿ ಕೃಷ್ಣಾಜಿ ಹೇಳುತ್ತಿದ್ದರು: "ಮುಂದಿನ ವರ್ಷ." ಮೊದಮೊದಲು ಅದು ಹೇಸಿಗೆ. ಆಮೇಲೆ ಹಟ. ನೊರೆ ಹೋಗಿ, ವಾಸನೆ ಹೋಗಿ, ಬೆಳಗಿನ ಹೊತ್ತು ಬಾಲ್ಕನಿಗೆ ಎಲೆಗಳ ಸಂದಿಯಿಂದ ನೀರಿನ ಮಿಂಚು ಕಾಣತೊಡಗಿದ ಮೇಲೆ ಅದು ಬರೇ ಸಂಕೋಚ. ಅಷ್ಟು ಜನರ ಮುಂದೆ ಇಳಿದರೆ ಏನಂದಾರು? ಮುದುಕ ಸೋತ ಎಂದಾರು. ಮೀನು ಬಂದಾವ್ರಿ ಎಂದು ಒಂದು ದಿನ ಹೆಂಡತಿ ಓಡಿ ಬಂದಾಗಲೂ, "ನಿನ್ನ ಕನಸಿನ್ಯಾಗ," ಎಂದು ಪೇಪರು ಮಗುಚಿದ್ದರು.

ನಿನ್ನೆ ರಾತ್ರಿ ಊಟವಾದ ಮೇಲೆ ಗೋದಾಬಾಯಿ ಎಂದಿನಂತೆ ಕೇಳಿದರು. ಯಾಕೋ ಕೃಷ್ಣಾಜಿಯ ಬಾಯಿಂದ, "ನೋಡೋಣು," ಎಂದು ಬಂತು.

ಗೋದಾಬಾಯಿ ಎದ್ದು ಒಳಗೆ ಹೋದರು. ಕಪಾಟು ತೆಗೆದ ಸದ್ದಾಯಿತು. ಬೆಳಿಗ್ಗೆ ಕೃಷ್ಣಾಜಿ ಎದ್ದು ನೋಡಿದರೆ ಕುರ್ಚಿಯ ಮೇಲೆ ಒಗೆದ ಧೋತರ, ಮೈ ಒರೆಸುವ ಪಂಚೆ, ಮಡಚಿ ಇಟ್ಟಿದ್ದವು. "ಏ ಮಂಜೀ, ಏಳು, ಬರ್ತೀನಿ ನಡಿ," ಎಂದರು. ಓ ಎನ್ನುವವರು ಇರಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು, ಮುಖದ ಮೇಲೆ ಗೆದ್ದವರ ಕಳೆ.

ಈಗ ಕೃಷ್ಣಾಜಿ ಉಟ್ಟಿದ್ದು ಅದೇ ಧೋತರ.

*

ಬೆಂಕಿ ಇಳಿಯಿತು. ಮಧ್ವೇಶ ಎದ್ದು ಕೈ ಒರೆಸಿಕೊಂಡ.

"ಕಾಕಾ, ನಡೀರಿ. ಸ್ನಾನ ಆಗದ ಮನಿಯೊಳಗ ಹೋಗೂಹಂಗಿಲ್ಲ. ಸೊಸೈಟಿಯ ತ್ವಾಟದಾಗ ನಲ್ಲಿ ಅದ. ವಾಚಮನ್ನಗ ಹೇಳೀನಿ, ಬಕೀಟ ತುಂಬಿ ಇಟ್ಟಿರ್ತಾನ."

ಯಾರೂ ಹೆಜ್ಜೆ ಕೀಳಲಿಲ್ಲ. ರಬ್ಬರ್ ಬೂಟಿನ ಆ ಇಡೀ ಮಂದಿ, ಬೇರೆ ಏನೋ ಕೆಲಸ ಇರುವವರ ಹಾಗೆ ಗಿಡ ನೋಡುತ್ತ, ಆಕಾಶ ನೋಡುತ್ತ, ನಡುನಡುವೆ ಕೃಷ್ಣಾಜಿಯನ್ನು ನೋಡುತ್ತ ನಿಂತಿತ್ತು.

"ಯಾಕ ನಿಂತೀರಿ ಎಲ್ಲಾರೂ?" ಎಂದ ಮಧ್ವೇಶ.

ಸಂಜು ತಲೆ ಕೆರೆದುಕೊಂಡ. "ಕಾಕಾಂದು ಒಂದು ಮಾತು ಐತೆ ನಾ... ಕಾಕೂ ಸಗಳ್ಯಾಂನಾ, ಎಲ್ಲಾರಿಗೂ, ಹೇಳಿದ್ರು."

ಕೃಷ್ಣಾಜಿಗೆ ಕಿವಿ ಬಿಸಿಯಾಯಿತು. "ಏನು ಹೇಳಿದ್ಲು?"

"ಎಲ್ಲಾನೂ ಹೇಳ್ಯಾಳ ಅಪ್ಪಾ," ಎಂದಳು ಮಂಜರಿ. "ಹೊಸಬರು ಯಾರರೆ ಬಂದ್ರ ಮೊದಲು ಅದನ್ನ ಹೇಳ್ತಿದ್ಲು. 'ನಮ್ಮ ಮನಿಯವರು ಮೀಯೂವಷ್ಟು ತಿಳಿ ಆಗಬೇಕು ನೀರು, ಅವರು ಭಾಳ ಮಡಿ, ಬ್ಯಾರೆಯವರ ಹಂಗ ಅಲ್ಲ' ಅಂತ. ಮತ್ತ... ಬರ್ರಿ, ತೋರಸ್ತೀನಿ."

ಅವಳು ಅಪ್ಪನ ಕೈ ಹಿಡಿದು ಅತ್ತಿಯ ಗಿಡದ ಕೆಳಗೆ ಕರೆದೊಯ್ದಳು. ಅಲ್ಲಿ ದಂಡೆಯನ್ನು ಕಡಿದು, ತಗ್ಗಿನ, ಅಗಲವಾದ ಮೆಟ್ಟಿಲು ಮಾಡಿದ್ದರು. ಮಂಡಿನೋವಿನವರು ಇಳಿಯುವಂಥ ಮೆಟ್ಟಿಲು. ಪಕ್ಕಕ್ಕೆ ಹಿಡಿದುಕೊಳ್ಳಲು ಬಿದಿರಿನ ಕೋಲು. ಕೆಳಗೆ, ಅರ್ಧ ನೀರಿನಲ್ಲಿ ಅರ್ಧ ಹೊರಗೆ, ಒಂದು ಚಪ್ಪಟೆ ಕರಿಕಲ್ಲು.

"ಕಾಕಾಂಚಾ ದಗಡ," ಎಂದ ಸಂಜು. "ಕಾಕಾನ ಕಲ್ಲು. ಆಠ ಜಣ ಎಳೆದು ತಂದಿದ್ವಿ. ಇದರ ಮ್ಯಾಲೆ ಅರಬಿ ಒಗೆಯಂಗಿಲ್ಲ, ಇಡ್ಲಿ ತಿನ್ನಂಗಿಲ್ಲ. ಮಾಝೀ ಎಮ್ಮೆ ಒಂದಾ ಸಲ ಕಾಲು ಇಟ್ಟಿತು, ಕಾಕೂ ಕಡೆ ಬೈಗುಳಾ ತಿಂತು."

"ನಾನು ಒಮ್ಮೆ ಗೊತ್ತಿಲ್ಲದೆ ಕೂತಿದ್ದೆ," ಎಂದರು ಹರಿಶ್ಚಂದ್ರ. "ಎಬ್ಬಿಸಿದ್ರು."

ಮಧ್ವೇಶ ಬಾಯಿ ತೆರೆದ. "ಕಾಕಾ, ಆದ್ರ ಈ ನೀರು..."

"ಹರಿಯೂ ನೀರಿಗೆ ಮೈಲಿಗಿ ಎಲ್ಲಿಂದ ಬಂತೋ ಹುಚ್ಚಪ್ಪ," ಎಂದರು ಕೃಷ್ಣಾಜಿ. ಹೇಳಿದ ಮೇಲೆ ಅದು ಯಾರ ಮಾತು ಎಂದು ಅವರಿಗೇ ನೆನಪಾಯಿತು. ಊಟದ ಹೊತ್ತಿನಲ್ಲಿ, ಪಡಸಾಲೆಯಲ್ಲಿ, ಬಾಲ್ಕನಿಯಲ್ಲಿ, ಎಷ್ಟು ವರ್ಷ ಕೇಳಿದ ಮಾತು.

ಬಿದಿರಿನ ಕೋಲು ಹಿಡಿದು ಇಳಿದರು. ಮೆಟ್ಟಿಲುಗಳು ಅವರ ಮಂಡಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದ್ದವು. ಕಲ್ಲಿನ ಮೇಲೆ ಕೂತು, ಉಸಿರು ಬಿಗಿಹಿಡಿದು, ಕಾಲನ್ನು ನೀರಿಗೆ ಇಳಿಬಿಟ್ಟರು. ತಣ್ಣಗೆ ಕೊರೆಯಿತು. ತಳದ ಉಸುಕು ಕಾಣುತ್ತಿತ್ತು. ಅದರ ಮೇಲೆ ತಮ್ಮ ಎರಡು ಬಿಳಿಚಿದ ಪಾದ ಕಾಣುತ್ತಿದ್ದವು.

ಹಿಂದೆ ಬೂಟು ಕಳಚುವ ಸದ್ದಾಯಿತು. ಸಂಜು ದೊಪ್ಪೆಂದು ನೀರಿಗೆ ಬಿದ್ದ. ಹರಿಶ್ಚಂದ್ರ ಪಂಚೆ ಎತ್ತಿ ಕಟ್ಟಿ, "ಅಯ್ಯೋ, ಥಂಡಿ ಮಾರಾಯ್ರೆ!" ಎಂದು ಕೂಗುತ್ತಲೇ ಇಳಿದರು. ಹೆಂಗಸರು ಸೀರೆ ಸಮೇತ ಕೆಳಗಿನ ಮಡುವಿಗೆ ಇಳಿದರು. ಯಾರೋ ಯಾರಿಗೋ ನೀರು ಎರಚಿದರು, ಯಾರೋ ಬೈದರು, ನಗೆ ಎದ್ದಿತು. ಮಧ್ವೇಶ ದಂಡೆಯ ಮೇಲೆ ಒಬ್ಬನೇ ಉಳಿದು, ಕಡೆಗೆ ಚಷ್ಮಾ ತೆಗೆದು ಅತ್ತಿಯ ಟೊಂಗೆಗೆ ಸಿಕ್ಕಿಸಿ ತಾನೂ ಇಳಿದ.

ಕೃಷ್ಣಾಜಿ ಎರಡೂ ಕೈಯಿಂದ ನೀರು ಮೊಗೆದು ತಲೆಗೆ ಹಾಕಿಕೊಂಡರು. ಅಭ್ಯಾಸದಂತೆ ಶ್ಲೋಕ ತಾನಾಗಿಯೇ ಬಂತು. ಗಂಗೆ ಬಂದಳು. ಯಮುನೆ ಬಂದಳು.

"ಗೋದಾ," ಎಂದರು, ಅಷ್ಟಕ್ಕೇ ನಿಂತರು.

"ಮುಂದ, ಕಾಕಾ?" ಎಂದ ಮಧ್ವೇಶ ಎದೆಮಟ್ಟದ ನೀರಿನಲ್ಲಿ ನಡುಗುತ್ತ. "ಸರಸ್ವತಿ..."

ಕೃಷ್ಣಾಜಿ ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. ಬಾಗಿ ನೀರಿನೊಳಗೆ ನೋಡುತ್ತಿದ್ದರು. ಉಸುಕಿನ ಬಣ್ಣದ ಬೆರಳುದ್ದದ ಮೀನೊಂದು ಅವರ ಹೆಬ್ಬೆರಳಿನ ಹತ್ತಿರ ಬಂದು, ಹಿಂದೆ ಸರಿದು, ಮತ್ತೆ ಬಂದು, ಕಚಗುಳಿಯಂತೆ ಮುಟ್ಟಿತು. ಅದರ ಹಿಂದೆ ಮತ್ತೊಂದು. ಕೃಷ್ಣಾಜಿ ಕಾಲು ಅಲುಗಿಸದೆ, ಎಲ್ಲಿ ಓಡಿಹೋದಾವೋ ಎಂದು ಉಸಿರನ್ನೂ ಸಣ್ಣಗೆ ಮಾಡಿಕೊಂಡು, ಇನ್ನೊಮ್ಮೆ ಆ ಹೆಸರನ್ನು ಕರೆದರು.